ಸೈಟಿಗೆ ಲಿಂಕ್ ಪೆನಾಲ್ಟಿ ಬಿದ್ದಿದೆಯಾ? ಸಣ್ಣ ವ್ಯಾಪಾರದವರು ಮಾಡಬೇಕಾದ ಕೆಲಸ

ನಿಮ್ಮ ಅಂಗಡಿ, ಹೋಮ್‌ಸ್ಟೇ ಅಥವಾ ಕ್ಲಿನಿಕ್ಕಿನ ವೆಬ್‌ಸೈಟ್ ಇದ್ದಕ್ಕಿದ್ದಂತೆ ಗೂಗಲ್‌ನಲ್ಲಿ ಕಾಣಿಸದೆ ಹೋದರೆ ಮೊದಲು ಬರುವುದು ಗಾಬರಿ. ಅದರ ಹಿಂದೆಯೇ ಒಂದು ಫೋನ್ ಬರುತ್ತದೆ. ‘ನಿಮ್ಮ ಸೈಟಿಗೆ ಪೆನಾಲ್ಟಿ ಬಿದ್ದಿದೆ ಸರ್, ನಾವು ತೆಗೆಸಿಕೊಡ್ತೀವಿ, ಇಷ್ಟಾಗುತ್ತೆ.’ ಅವರಿಗೆ ದುಡ್ಡು ಕೊಡಬೇಡಿ. ಲಿಂಕ್ ಪೆನಾಲ್ಟಿ ಅಂದರೆ ಬೇರೆ ಸೈಟುಗಳಲ್ಲಿ ಅಡ್ಡದಾರಿಯಲ್ಲಿ ಲಿಂಕ್ ಹಾಕಿಸಿಕೊಂಡದ್ದಕ್ಕೆ ಗೂಗಲ್ ಕೊಡುವ ಶಿಕ್ಷೆ. ಅದನ್ನು ತೆಗೆಯಲು ಗೂಗಲ್ ಒಂದು ರೂಪಾಯಿ ಫೀಸೂ ಕೇಳುವುದಿಲ್ಲ. ಅರ್ಜಿ ಹಾಕುವ ಬಟನ್ ನಿಮ್ಮ ಸರ್ಚ್ ಕನ್ಸೋಲ್ (ಸೈಟಿನ ಮಾಲೀಕರಿಗೆ ಗೂಗಲ್ ಪುಕ್ಕಟೆ ಕೊಡುವ ಸಾಧನ) ಖಾತೆಯಲ್ಲೇ ಇರುತ್ತದೆ. ಬೇಕಾಗಿರುವುದು ತಾಳ್ಮೆ, ಒಂದು ಎಕ್ಸೆಲ್ ಶೀಟ್, ಮತ್ತೆ ನಿಮ್ಮ ಹಳೆಯ ಬಿಲ್ಲುಗಳು. ಬಿಲ್ಲು ಯಾಕೆ ಅಂತ ಮುಂದೆ ಹೇಳುತ್ತೇನೆ. ಈ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಅವೇ.

ನಾನು ಹಾಸನದಲ್ಲಿದ್ದುಕೊಂಡು ಸಣ್ಣ ವ್ಯಾಪಾರದವರ ಸೈಟುಗಳನ್ನು ನೋಡಿಕೊಳ್ಳುತ್ತೇನೆ. ಕಾಫಿಪುಡಿ ಮಾರುವವರು, ಹಲ್ಲಿನ ಡಾಕ್ಟರು, ಮದುವೆ ಫೋಟೋ ತೆಗೆಯುವವರು, ಮಲೆನಾಡಿನ ಹೋಮ್‌ಸ್ಟೇಯವರು. ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳುವುದು ಸಕಲೇಶಪುರ ಕಡೆಯ ಒಂದು ಹೋಮ್‌ಸ್ಟೇ. ಹೆಸರು ಬೇಡ. ಅಕ್ಕ ಮತ್ತು ಅವರ ಮಗ ನಡೆಸುವ ನಾಲ್ಕು ರೂಮಿನ ಮನೆ. ತಿಂಗಳಿಗಿಷ್ಟು ಅಂತ ದುಡ್ಡು ಕೊಟ್ಟು ಒಂದು ಏಜೆನ್ಸಿಯಿಂದ ‘ಎಸ್‌ಇಒ ಪ್ಯಾಕೇಜ್’ (ಗೂಗಲ್ ಹುಡುಕಾಟದಲ್ಲಿ ಸೈಟನ್ನು ಮೇಲೆ ತರುವ ಸೇವೆ) ತಗೊಂಡಿದ್ದರು. ಸ್ವಲ್ಪ ಕಾಲ ಫಸ್ಟ್ ಪೇಜಿನಲ್ಲಿ ಬಂತು. ಆಮೇಲೆ ಒಂದು ದಿನ ಗೂಗಲ್‌ನಿಂದ ಮೇಲ್ ಬಂತು, ಬುಕಿಂಗ್ ಕರೆಗಳು ನಿಂತುಹೋದವು. ‘ದುಡ್ಡೂ ನಾವೇ ಕೊಟ್ಟು, ಶಿಕ್ಷೆನೂ ನಾವೇ ಅನುಭವಿಸಬೇಕಾ ತಮ್ಮಾ?’ ಅಂತ ಅಕ್ಕ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಲಿಂಕನ್ನು ಯಾರು ಹಾಕಿಸಿದರು ಅನ್ನುವುದಕ್ಕಿಂತ ಅದು ಯಾರ ಸೈಟಿಗೆ ಹೋಗುತ್ತಿದೆ ಅನ್ನುವುದೇ ಗೂಗಲ್‌ಗೆ ಮುಖ್ಯ. ಸರಿಪಡಿಸುವ ಹೊಣೆ ಸೈಟಿನ ಮಾಲೀಕರದ್ದೇ.

ಲಿಂಕಿಗೆ ಯಾಕೆ ಇಷ್ಟು ಬೆಲೆ

ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ ಗೂಗಲ್ ಕಂಪನಿ ಶುರುಮಾಡಿದಾಗ ಅವರ ಕೈಯಲ್ಲಿದ್ದ ಮುಖ್ಯ ವಿಚಾರವೇ ಇದು: ಒಂದು ಪುಟಕ್ಕೆ ಬೇರೆಯವರು ಲಿಂಕ್ ಕೊಟ್ಟರೆ ಅದೊಂದು ಮತ ಇದ್ದ ಹಾಗೆ. ಮತಕ್ಕೆ ಬೆಲೆ ಬಂದ ಮೇಲೆ ಅದನ್ನು ಮಾರುವವರೂ ಹುಟ್ಟಿಕೊಂಡರು. 2011ರ ಫೆಬ್ರವರಿಯಲ್ಲಿ ಅಮೆರಿಕದ ಜೆ.ಸಿ. ಪೆನ್ನಿ ಅನ್ನುವ ದೊಡ್ಡ ಅಂಗಡಿ ಕಂಪನಿಗೆ ಸಂಬಂಧವೇ ಇಲ್ಲದ ಸಾವಿರಾರು ಪುಟಗಳಿಂದ ಲಿಂಕ್ ಬಂದಿರುವುದನ್ನು ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡಿತು. ಗೂಗಲ್ ಆ ಸೈಟನ್ನು ಕೆಳಗೆ ತಳ್ಳಿತು. ಮರುವರ್ಷ ಜನವರಿಯಲ್ಲಿ ತನ್ನದೇ ಕ್ರೋಮ್ ಬ್ರೌಸರಿನ ಪುಟವನ್ನೂ ಕೆಳಗಿಳಿಸಿತು. ದುಡ್ಡು ಕೊಟ್ಟು ಬರೆಸಿದ ಬ್ಲಾಗ್ ಪೋಸ್ಟಿನ ಮೂಲಕ ಅದಕ್ಕೊಂದು ಲಿಂಕ್ ಬಂದಿತ್ತು ಅನ್ನುವುದೇ ಕಾರಣ. ನಿಯಮ ಎಲ್ಲರಿಗೂ ಒಂದೇ ಅನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

2012ರ ಏಪ್ರಿಲ್ 24ರಂದು ಇಂಥ ಲಿಂಕುಗಳನ್ನು ಹಿಡಿಯುವ ಪೆಂಗ್ವಿನ್ ಅನ್ನುವ ಅಪ್‌ಡೇಟ್ ಬಂತು. ಆಗ ಪೆಟ್ಟು ತಿಂದವರು ಮುಂದಿನ ಪೆಂಗ್ವಿನ್ ಬರುವವರೆಗೂ ಕಾಯಬೇಕಿತ್ತು. 2016ರ ಸೆಪ್ಟೆಂಬರಿನಲ್ಲಿ ಅದು ಗೂಗಲ್‌ನ ಮುಖ್ಯ ವ್ಯವಸ್ಥೆಯೊಳಗೇ ಸೇರಿತು. ಅಲ್ಲಿಂದ ಈಚೆಗೆ ಕೆಟ್ಟ ಲಿಂಕ್ ಕಂಡರೆ ಹೆಚ್ಚಾಗಿ ಇಡೀ ಸೈಟನ್ನು ಶಿಕ್ಷಿಸುವುದಿಲ್ಲ, ಆ ಲಿಂಕನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2022ರ ಡಿಸೆಂಬರಿನಿಂದ ಸ್ಪ್ಯಾಮ್‌ಬ್ರೇನ್ ಅನ್ನುವ ಎಐ ವ್ಯವಸ್ಥೆಯನ್ನೂ ಈ ಕೆಲಸಕ್ಕೆ ಹಚ್ಚಿದ್ದಾರೆ. ಅದು ಲಿಂಕ್ ಕೊಳ್ಳುವ ಸೈಟನ್ನೂ ಹಿಡಿಯುತ್ತದೆ, ಮಾರಲೆಂದೇ ಇರುವ ಸೈಟನ್ನೂ ಹಿಡಿಯುತ್ತದೆ.

ಇದನ್ನೆಲ್ಲ ಹೇಳಿದ್ದು ಸುಮ್ನೆ ಅಲ್ಲ. ಎರಡು ಬೇರೆ ಬೇರೆ ಕಾಯಿಲೆಗಳಿವೆ: ಒಂದು, ಗೂಗಲ್‌ನ ಸಿಬ್ಬಂದಿ ನೋಡಿ ಕೊಟ್ಟ ಶಿಕ್ಷೆ (ಮ್ಯಾನ್ಯುವಲ್ ಆ್ಯಕ್ಷನ್); ಇನ್ನೊಂದು, ವ್ಯವಸ್ಥೆ ತಾನಾಗಿ ಲಿಂಕುಗಳನ್ನು ಲೆಕ್ಕದಿಂದ ತೆಗೆದದ್ದು. ಎರಡಕ್ಕೂ ಒಂದೇ ಔಷಧಿ ಇಲ್ಲ.

ಮೊದಲು ಕಾಯಿಲೆ ಯಾವುದು ಅಂತ ನೋಡಿ

ಸರ್ಚ್ ಕನ್ಸೋಲ್ ತೆರೆಯಿರಿ. ಎಡಗಡೆ ಮೆನುವಿನಲ್ಲಿ ಕೆಳಗೆ ‘ಸೆಕ್ಯುರಿಟಿ ಆ್ಯಂಡ್ ಮ್ಯಾನ್ಯುವಲ್ ಆ್ಯಕ್ಷನ್ಸ್’ ಅಂತಿರುತ್ತದೆ. ಅದರೊಳಗೆ ‘ಮ್ಯಾನ್ಯುವಲ್ ಆ್ಯಕ್ಷನ್ಸ್’ ಒತ್ತಿ. ಹಸಿರು ಟಿಕ್ ಮಾರ್ಕ್ ಬಂದು, ಯಾವ ತೊಂದರೆಯೂ ಇಲ್ಲ ಅಂದರೆ ನಿಮ್ಮ ಸೈಟಿನ ಮೇಲೆ ಗೂಗಲ್‌ನ ಯಾವ ವ್ಯಕ್ತಿಯೂ ಕ್ರಮ ತೆಗೆದುಕೊಂಡಿಲ್ಲ ಅಂತ ಅರ್ಥ. ನನ್ನ ಹತ್ತಿರ ‘ಪೆನಾಲ್ಟಿ ಬಿದ್ದಿದೆ’ ಅಂತ ಬರುವವರಲ್ಲಿ ಬಹಳ ಜನರಿಗೆ ಇಲ್ಲಿ ಹಸಿರು ಗುರುತೇ ಇರುತ್ತದೆ. ಅವರ ತೊಂದರೆ ಬೇರೆ.

ಏಜೆನ್ಸಿಯವರು ಸರ್ಚ್ ಕನ್ಸೋಲನ್ನು ಅವರದೇ ಜಿಮೇಲಿನಲ್ಲಿ ಇಟ್ಟುಕೊಂಡಿದ್ದರೆ? ಇದು ತುಂಬಾ ಮಾಮೂಲು. ಅವರನ್ನು ಕೇಳಿಕೊಂಡು ಕೂರಬೇಡಿ. ಡೊಮೇನ್ (ಸೈಟಿನ ವಿಳಾಸದ ಹೆಸರು) ನಿಮ್ಮ ಹೆಸರಲ್ಲಿದ್ದರೆ ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನಿನ ಸೆಟ್ಟಿಂಗಿನಲ್ಲಿ, ಒಂದು ರೆಕಾರ್ಡ್ ಹಾಕಿ ನೀವೇ ಮಾಲೀಕರು ಅಂತ ಸಾಬೀತು ಮಾಡಬಹುದು. ಹೊಸದಾಗಿ ಸೇರಿಸಿದರೂ ಜಾರಿಯಲ್ಲಿರುವ ಮ್ಯಾನ್ಯುವಲ್ ಆ್ಯಕ್ಷನ್ ನಿಮಗೆ ಕಾಣುತ್ತದೆ. ಡೊಮೇನೇ ಏಜೆನ್ಸಿಯವರ ಹೆಸರಲ್ಲಿದ್ದರೆ ಅದನ್ನು ಬಿಡಿಸಿಕೊಳ್ಳುವುದೇ ಮೊದಲ ಕೆಲಸ, ಉಳಿದದ್ದೆಲ್ಲ ಆಮೇಲೆ.

ಹಸಿರು ಗುರುತು ಬಂದವರು ಇಷ್ಟು ನೋಡಿಕೊಳ್ಳಿ. ‘ಪರ್ಫಾರ್ಮೆನ್ಸ್’ ರಿಪೋರ್ಟಿನಲ್ಲಿ 16 ತಿಂಗಳ ಲೆಕ್ಕ ಸಿಗುತ್ತದೆ. ಈ ತಿಂಗಳನ್ನು ಹೋದ ತಿಂಗಳ ಜೊತೆ ಹೋಲಿಸಬೇಡಿ, ಹೋದ ವರ್ಷದ ಇದೇ ತಿಂಗಳ ಜೊತೆ ಹೋಲಿಸಿ. ಮಲೆನಾಡಿನ ಹೋಮ್‌ಸ್ಟೇಗೆ ಸೀಸನ್ ಇದೆ, ರಜೆ ಇದೆ, ರಸ್ತೆ ಕುಸಿದು ಘಾಟಿ ಮುಚ್ಚಿದ ವಾರಗಳಿವೆ. ಹುಡುಕುವವರೇ ಕಡಿಮೆಯಾದರೆ ಕ್ಲಿಕ್ಕೂ ಕಡಿಮೆಯಾಗುತ್ತದೆ. ಪೊಸಿಶನ್, ಅಂದರೆ ಹುಡುಕಾಟದ ಫಲಿತಾಂಶದಲ್ಲಿ ನಿಮ್ಮ ಸ್ಥಾನ, ಬಿದ್ದಿದ್ದರೆ ಮಾತ್ರ ರ‍್ಯಾಂಕಿಂಗ್ ತೊಂದರೆ. ಬಿದ್ದ ದಿನಾಂಕವನ್ನು ಗೂಗಲ್‌ನ ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡಿನಲ್ಲಿರುವ ಅಪ್‌ಡೇಟ್ ದಿನಾಂಕಗಳ ಜೊತೆ ಹೊಂದಿಸಿ ನೋಡಿ. ಸೈಟನ್ನು ಹೊಸದಾಗಿ ಮಾಡಿಸಿದವರು ಡೆವಲಪರ್ ಟೆಸ್ಟಿಂಗಿಗೆ ಅಂತ ಹಾಕಿದ್ದ ‘ನೋಇಂಡೆಕ್ಸ್’ (ಈ ಪುಟವನ್ನು ಹುಡುಕಾಟದಲ್ಲಿ ತೋರಿಸಬೇಡಿ ಅನ್ನುವ ಸೂಚನೆ) ಹಾಗೇ ಉಳಿದಿದೆಯಾ ಅಂತ ಖಂಡಿತ ನೋಡಿ. ಪಕ್ಕದಲ್ಲೇ ಇರುವ ‘ಸೆಕ್ಯುರಿಟಿ ಇಷ್ಯೂಸ್’ ಕೂಡ ತೆರೆಯಿರಿ. ಸೈಟ್ ಹ್ಯಾಕ್ ಆಗಿರುವುದು ಗೂಗಲ್ ಕಣ್ಣಿಗೆ ಬಿದ್ದಿದ್ದರೆ ಅಲ್ಲಿ ಹೇಳಿರುತ್ತದೆ.

ಇದ್ಯಾವುದೂ ಅಲ್ಲ, ಕೊಂಡ ಲಿಂಕುಗಳಿದ್ದವು, ಒಂದು ಸ್ಪ್ಯಾಮ್ ಅಪ್‌ಡೇಟಿನ ಹೊತ್ತಿಗೆ ಸೈಟ್ ಕೆಳಗಿಳಿಯಿತು ಅಂದರೆ ಆ ಲಿಂಕುಗಳು ಲೆಕ್ಕದಿಂದ ಹೋಗಿವೆ ಅಂತ ತಿಳಿಯಿರಿ. ಅವು ಕೊಟ್ಟಿದ್ದ ಲಾಭ ವಾಪಸ್ ಬರುವುದಿಲ್ಲ, ಇದನ್ನು ಗೂಗಲ್ಲೇ ಹೇಳಿದೆ. ಇಲ್ಲಿ ಅರ್ಜಿ ಹಾಕಲು ಬಟನ್ನೂ ಇಲ್ಲ. ಮಾಡಬೇಕಾದ್ದು ಇಷ್ಟೇ: ಲಿಂಕ್ ಕೊಳ್ಳುವುದು ನಿಲ್ಲಿಸಿ, ಸೈಟಿನಲ್ಲಿ ಗ್ರಾಹಕರಿಗೆ ಬೇಕಾದ್ದನ್ನು ಬರೆಯಿರಿ.

ಅಕ್ಕನ ಸೈಟಿನಲ್ಲಿ ಹಸಿರು ಗುರುತು ಇರಲಿಲ್ಲ. ‘ಅನ್‌ನ್ಯಾಚುರಲ್ ಲಿಂಕ್ಸ್ ಟು ಯುವರ್ ಸೈಟ್’ ಅಂತಿತ್ತು. ಅಂದರೆ ಹೊರಗಿನಿಂದ ನಿಮ್ಮ ಕಡೆಗೆ ಬರುವ ಲಿಂಕುಗಳು ಸರಿಯಿಲ್ಲ ಅಂತ. ‘ಟು’ ಇರುವ ಜಾಗದಲ್ಲಿ ‘ಫ್ರಮ್’ ಇದ್ದರೆ ನಿಮ್ಮ ಸೈಟಿನಿಂದ ಹೊರಗೆ ಹೋಗುವ ಲಿಂಕುಗಳ ದೂರು. ಇದನ್ನು ಸರಿಯಾಗಿ ಓದಿಕೊಳ್ಳಿ. ಎರಡರ ಕೆಲಸ ಪೂರ್ತಿ ಬೇರೆ.

ಪಟ್ಟಿ ಮಾಡುವುದು

ಸರ್ಚ್ ಕನ್ಸೋಲಿನ ‘ಲಿಂಕ್ಸ್’ ವಿಭಾಗಕ್ಕೆ ಹೋಗಿ. ಮೇಲೆ ‘ಎಕ್ಸ್‌ಪೋರ್ಟ್ ಎಕ್ಸ್‌ಟರ್ನಲ್ ಲಿಂಕ್ಸ್’ ಅಂತಿದೆ. ಅದರಲ್ಲಿ ‘ಲೇಟೆಸ್ಟ್ ಲಿಂಕ್ಸ್’ ಮತ್ತು ‘ಮೋರ್ ಸ್ಯಾಂಪಲ್ ಲಿಂಕ್ಸ್’ ಎರಡನ್ನೂ ಇಳಿಸಿಕೊಳ್ಳಿ. ಎರಡನ್ನೂ ಒಂದೇ ಶೀಟಿಗೆ ಹಾಕಿ, ಎರಡೆರಡು ಸಲ ಬಂದದ್ದನ್ನು ತೆಗೆಯಿರಿ. ಪುಟಗಳ ವಿಳಾಸದಿಂದ ಡೊಮೇನ್ ಹೆಸರನ್ನು ಬೇರೆ ಮಾಡಿ ಡೊಮೇನ್ ಪ್ರಕಾರ ವಿಂಗಡಿಸಿ. ಸಾವಿರಾರು ಸಾಲು ನೋಡಿ ಹೆದರಬೇಡಿ. ಒಂದೇ ಸೈಟಿನ ಪ್ರತಿ ಪುಟದ ಅಡಿಯಲ್ಲೂ ನಿಮ್ಮ ಲಿಂಕ್ ಹಾಕಿದ್ದರೆ ಒಂದೇ ಡೊಮೇನಿಗೆ ನೂರಾರು ಸಾಲು ಬಂದಿರುತ್ತದೆ. ನೀವು ತೀರ್ಮಾನ ಮಾಡಬೇಕಾದ್ದು ಡೊಮೇನ್ ಲೆಕ್ಕದಲ್ಲಿ.

ಈಗ ಆ ಬಿಲ್ಲುಗಳನ್ನೂ ಅವುಗಳ ಜೊತೆ ಬಂದ ರಿಪೋರ್ಟುಗಳನ್ನೂ ತೆಗೆಯಿರಿ. ಏಜೆನ್ಸಿ ಪ್ರತಿ ತಿಂಗಳು ಒಂದು ‘ವರ್ಕ್ ರಿಪೋರ್ಟ್’ ಕಳಿಸಿರುತ್ತದೆ. ಮೇಲಿನಲ್ಲೋ ವಾಟ್ಸಾಪಿನಲ್ಲೋ ಎಕ್ಸೆಲ್ ಫೈಲ್ ಬಂದಿರುತ್ತದೆ, ನೀವು ತೆರೆದೇ ಇರುವುದಿಲ್ಲ. ಅಕ್ಕನ ಮಗ ವಾಟ್ಸಾಪ್ ಗ್ರೂಪಿನಲ್ಲಿ ಹಿಂದಕ್ಕೆ ಹೋಗಿ ಹುಡುಕಿದಾಗ ಅಂಥ ಫೈಲುಗಳು ಸಾಲಾಗಿ ಸಿಕ್ಕವು. ಶೀಟಿನ ಕೆಳಗೆ ಟ್ಯಾಬುಗಳು: ಡೈರೆಕ್ಟರಿ ಸಬ್‌ಮಿಶನ್, ಸೋಶಿಯಲ್ ಬುಕ್‌ಮಾರ್ಕಿಂಗ್, ಆರ್ಟಿಕಲ್ ಸಬ್‌ಮಿಶನ್, ಬ್ಲಾಗ್ ಕಾಮೆಂಟಿಂಗ್, ಗೆಸ್ಟ್ ಪೋಸ್ಟ್ (ಬೇರೆಯವರ ಸೈಟಿನಲ್ಲಿ ಹಾಕಿಸಿದ ಲೇಖನ). ಪ್ರತಿಯೊಂದರಲ್ಲೂ ಪುಟದ ವಿಳಾಸ, ಹಾಕಿದ ಪದ, ಮತ್ತೆ ಆ ಸೈಟಿಗೆ ಲಾಗಿನ್ ಆಗುವ ಐಡಿ, ಪಾಸ್‌ವರ್ಡ್! ಇದು ಚಿನ್ನ. ಸರ್ಚ್ ಕನ್ಸೋಲ್ ತೋರಿಸುವುದು ಮಾದರಿ ಮಾತ್ರ, ಎಲ್ಲ ಲಿಂಕನ್ನೂ ತೋರಿಸುವುದಿಲ್ಲ. ಈ ರಿಪೋರ್ಟಿನಲ್ಲಿ ಮಾಡಿದ ಕೆಲಸ ಅವರ ಕೈಯಿಂದಲೇ ಬರೆದಿದೆ. ಲಾಗಿನ್ ಇದ್ದರೆ ಯಾರನ್ನೂ ಬೇಡದೆ ನೀವೇ ಒಳಗೆ ಹೋಗಿ ಲಿಂಕ್ ಅಳಿಸಬಹುದು. ಆದ್ದರಿಂದ ಏಜೆನ್ಸಿಯ ಮೇಲೆ ಎಷ್ಟೇ ಸಿಟ್ಟಿದ್ದರೂ ಜಗಳ ಆಡುವ ಮೊದಲು ಹಳೆಯ ರಿಪೋರ್ಟುಗಳನ್ನೆಲ್ಲ ಕೇಳಿ ತರಿಸಿಕೊಳ್ಳಿ.

ಶೀಟಿನಲ್ಲಿ ನಾನು ಇಡುವ ಕಾಲಂಗಳು ಇವು: ಡೊಮೇನ್, ಪುಟದ ವಿಳಾಸ, ಲಿಂಕಿನ ಪದ, ಹೇಗೆ ಬಂದದ್ದು, ಇಡುವುದೋ ತೆಗೆಸುವುದೋ, ಯಾವಾಗ ಮೇಲ್ ಕಳಿಸಿದ್ದು, ಏನು ಉತ್ತರ ಬಂತು, ಈಗ ಲಿಂಕ್ ಇದೆಯೋ ಇಲ್ಲವೋ. ಇದೇ ಶೀಟನ್ನು ಕೊನೆಗೆ ಗೂಗಲ್‌ಗೆ ತೋರಿಸಬೇಕು, ಹಾಗಾಗಿ ಮೊದಲಿನಿಂದಲೇ ನೀಟಾಗಿ ಬರೆಯಿರಿ.

ಯಾವುದು ಕೆಟ್ಟದ್ದು, ಯಾವುದು ಒಳ್ಳೆಯದು

ಹೆಚ್ಚು ಹೊತ್ತು ಕೊಡಬೇಕಾದ ಕೆಲಸ ಇದೇ. ಪುಟವನ್ನು ತೆರೆದು ಕಣ್ಣಿಂದ ನೋಡಬೇಕು. ಟೂಲುಗಳು ‘ಟಾಕ್ಸಿಕ್ ಸ್ಕೋರ್’ ಅಂತ ಕೆಂಪು ಅಂಕಿ ತೋರಿಸುತ್ತವೆ. ಅದು ಆ ಟೂಲ್ ಕಂಪನಿಯ ಲೆಕ್ಕ, ಗೂಗಲ್‌ನದ್ದಲ್ಲ. ಅದನ್ನು ನಂಬಿ ಕೆಂಪಿರುವುದನ್ನೆಲ್ಲ ಕತ್ತರಿಸಿದರೆ ಸೈಟಿಗೆ ಆಧಾರವಾಗಿದ್ದ ಒಳ್ಳೆಯ ಲಿಂಕೂ ಹೋಗುತ್ತದೆ.

ಅಕ್ಕನ ಪಟ್ಟಿಯಲ್ಲಿದ್ದ ಒಂದು ಪುಟ ಹೀಗಿತ್ತು. ತಲೆಬರಹದಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಕಾರ್ ಇನ್ಶೂರೆನ್ಸ್ ಆರಿಸುವುದು ಹೇಗೆ ಅಂತ. ಎರಡು ಪ್ಯಾರಾ ಇನ್ಶೂರೆನ್ಸ್ ಮಾತು. ಮೂರನೇ ಪ್ಯಾರಾದ ನಡುವೆ ‘ದಣಿವಾದಾಗ ಬೆಸ್ಟ್ ಹೋಮ್‌ಸ್ಟೇ ಇನ್ ಸಕಲೇಶಪುರ್‌ಗೆ ಹೋಗಬಹುದು’ ಅನ್ನುವ ಅರ್ಥದ ಒಂದು ಇಂಗ್ಲಿಷ್ ಸಾಲು, ಅದರಲ್ಲಿ ನೀಲಿ ಲಿಂಕ್. ಅದರ ಕೆಳಗಿನ ಪ್ಯಾರಾದಲ್ಲಿ ಇನ್ನೊಂದು ಊರಿನ ಹಲ್ಲಿನ ಕ್ಲಿನಿಕ್ಕಿಗೆ ಲಿಂಕ್. ಬರೆದವರ ಹೆಸರು ‘ಅಡ್ಮಿನ್’. ಇಂಥದ್ದಕ್ಕೆ ಯೋಚನೆಯೇ ಬೇಡ, ತೆಗೆಸಬೇಕು.

ಲಿಂಕಿನ ಪದ ಬಹಳ ಹೇಳುತ್ತದೆ. ನಿಜವಾದ ಜನ ಲಿಂಕ್ ಕೊಡುವಾಗ ಮನೆಯ ಹೆಸರು ಬರೆಯುತ್ತಾರೆ, ‘ನಾವು ಉಳಿದಿದ್ದು ಇಲ್ಲಿ’ ಅಂತ ಬರೆಯುತ್ತಾರೆ, ಇಲ್ಲವೇ ವಿಳಾಸವನ್ನೇ ಅಂಟಿಸುತ್ತಾರೆ. ನೂರು ಕಡೆ ಅಕ್ಷರವೂ ಬದಲಾಗದೆ ‘ಬೆಸ್ಟ್ ಹೋಮ್‌ಸ್ಟೇ ಇನ್ ಸಕಲೇಶಪುರ್’ ಅಂತ ಯಾರೂ ಬರೆಯುವುದಿಲ್ಲ, ಅಲ್ವಾ? ಸರ್ಚ್ ಕನ್ಸೋಲಿನ ‘ಟಾಪ್ ಲಿಂಕಿಂಗ್ ಟೆಕ್ಸ್ಟ್’ ತೆರೆದರೆ ಇದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ತೆಗೆಸಬೇಕಾದವು: ದುಡ್ಡು ಕೊಟ್ಟು ಹಾಕಿಸಿದ್ದು, ‘ನೀನು ನನಗೆ ಹಾಕು, ನಾನು ನಿನಗೆ ಹಾಕ್ತೀನಿ’ ಅಂತ ಗುಂಪುಗುಂಪಾಗಿ ಮಾಡಿಕೊಂಡಿದ್ದು, ಲಿಂಕಿಗಾಗಿಯೇ ಇರುವ ಡೈರೆಕ್ಟರಿ ಮತ್ತು ಬುಕ್‌ಮಾರ್ಕ್ ಸೈಟುಗಳು, ಬೇರೆಯವರ ಬ್ಲಾಗಿನ ಕಾಮೆಂಟಿನಲ್ಲಿ ಕೀವರ್ಡ್ ತುಂಬಿ ಹಾಕಿದ್ದು, ಜಾಹೀರಾತು ಅಂತ ಹೇಳದೆ ಬರೆಸಿದ ಲೇಖನಗಳು.

ಮುಟ್ಟಬಾರದವು: ಜಸ್ಟ್‌ಡಯಲ್, ಇಂಡಿಯಾಮಾರ್ಟ್, ಟ್ರಿಪ್‌ಅಡ್ವೈಸರ್ ಥರದ, ಗ್ರಾಹಕರು ನಿಜವಾಗಿ ನೋಡುವ ಜಾಗಗಳು. ಊರಿನ ಪತ್ರಿಕೆ ತಾನಾಗಿ ಬರೆದ ಸುದ್ದಿ. ಬಂದು ಉಳಿದು ಹೋದವರ ಬ್ಲಾಗ್. ಅಕ್ಕನ ಮನೆಯ ಅಕ್ಕಿರೊಟ್ಟಿ, ಕಳಲೆ ಪಲ್ಯದ ಬಗ್ಗೆ ಒಬ್ಬರು ಹಳೆಯ ಬ್ಲಾಗ್‌ಸ್ಪಾಟಿನಲ್ಲಿ ಕನ್ನಡದಲ್ಲಿ ಬರೆದಿದ್ದರು. ವಿನ್ಯಾಸ ನೋಡಿದರೆ ಪಾಳುಬಿದ್ದ ಸೈಟಿನ ಹಾಗಿತ್ತು. ಟೂಲ್ ಅದನ್ನು ಕೆಂಪು ಮಾಡಿತ್ತು. ಆದರೆ ಆ ಇಡೀ ಪಟ್ಟಿಯಲ್ಲಿ ಅದಕ್ಕಿಂತ ಪ್ರಾಮಾಣಿಕವಾದ ಲಿಂಕ್ ಇರಲಿಲ್ಲ. ಅದನ್ನು ಉಳಿಸಿದೆವು. ಸಣ್ಣ ಸೈಟ್, ಹಳೇ ಸೈಟ್, ಕನ್ನಡದ ಸೈಟ್ ಅನ್ನುವ ಕಾರಣಕ್ಕೆ ಯಾವುದನ್ನೂ ಕೆಟ್ಟದ್ದು ಅನ್ನಬೇಡಿ.

ಇನ್ನು ಎಲ್ಲಿಂದಲೋ ಬರುವ ಕಸದ ಲಿಂಕುಗಳು ಪ್ರತಿ ಸೈಟಿಗೂ ಇರುತ್ತವೆ. ವಾಲ್‌ಪೇಪರ್ ಸೈಟು, ಡೊಮೇನ್ ಪಟ್ಟಿ ಮಾಡುವ ಸೈಟು. ನೀವು ಹಾಕಿಸಿದ್ದಲ್ಲ. ಗೂಗಲ್ ಅವನ್ನು ತಾನೇ ಬಿಟ್ಟುಬಿಡುತ್ತದೆ. ಮ್ಯಾನ್ಯುವಲ್ ಆ್ಯಕ್ಷನ್ ಇಲ್ಲದವರು ಇದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ.

ತೆಗೆಸುವುದು

ನಿಮ್ಮ ಕೈಯಲ್ಲಿರುವ ಲಾಗಿನ್‌ಗಳಿಂದ ಶುರುಮಾಡಿ. ಪ್ರೊಫೈಲ್, ಆರ್ಟಿಕಲ್, ಬುಕ್‌ಮಾರ್ಕ್ ಯಾವುದಿದ್ದರೂ ಅಳಿಸಿ. ಉಳಿದ ಸೈಟುಗಳವರಿಗೆ ಮೇಲ್ ಕಳಿಸಿ. ಉದ್ದ ಬೇಡ. ‘ನಿಮ್ಮ ಈ ಪುಟದಲ್ಲಿ ನಮ್ಮ ಸೈಟಿಗೆ ಲಿಂಕ್ ಇದೆ, ದಯವಿಟ್ಟು ತೆಗೆಯಿರಿ’ ಅಂತ, ಪುಟದ ಪೂರ್ತಿ ವಿಳಾಸ ಕೊಟ್ಟು ಎರಡು ಸಾಲು ಸಾಕು. ನಿಮ್ಮದೇ ಡೊಮೇನಿನ ಮೇಲ್ ಐಡಿಯಿಂದ ಕಳಿಸಿ, ಮಾಲೀಕರೇ ಕೇಳುತ್ತಿದ್ದಾರೆ ಅಂತ ನಂಬಿಕೆ ಬರುತ್ತದೆ. ಕೆದಕಬೇಡಿ, ಬೆದರಿಸಬೇಡಿ. ಒಂದು ವಾರ ಬಿಟ್ಟು ಇನ್ನೊಂದು ಸಲ ಕೇಳಿ, ಅಷ್ಟೇ.

ಹೆಚ್ಚಿನವರು ಉತ್ತರ ಕೊಡುವುದಿಲ್ಲ. ಕೆಲವರು ಲಿಂಕ್ ತೆಗೆಯಲು ಡಾಲರ್ ಕೇಳುತ್ತಾರೆ. ಕೊಡಬೇಡಿ. ‘ಹಣ ಕೇಳಿದರು’ ಅಂತ ಶೀಟಿನಲ್ಲಿ ಬರೆದುಕೊಳ್ಳಿ, ಅದೂ ನೀವು ಪ್ರಯತ್ನ ಮಾಡಿದ್ದಕ್ಕೆ ಸಾಕ್ಷಿ. ಜಾಹೀರಾತು ಅಂತ ಇಟ್ಟುಕೊಳ್ಳಲೇಬೇಕಾದ ಲಿಂಕ್ ಇದ್ದರೆ ಅದಕ್ಕೆ ‘ಸ್ಪಾನ್ಸರ್ಡ್’ ಅಥವಾ ‘ನೋಫಾಲೋ’ ಅನ್ನುವ, ಇದನ್ನು ಮತವಾಗಿ ಎಣಿಸಬೇಡಿ ಅಂತ ಗೂಗಲ್‌ಗೆ ತಿಳಿಸುವ ಗುರುತು ಹಾಕಲು ಹೇಳಿ. ನೋಫಾಲೋ 2005ರಿಂದ ಇದೆ, ಸ್ಪಾನ್ಸರ್ಡ್ 2019ರಲ್ಲಿ ಬಂತು. ದುಡ್ಡು ಕೊಟ್ಟು ಜಾಹೀರಾತು ಹಾಕುವುದು ತಪ್ಪಲ್ಲ, ಅದನ್ನು ಮತದಂತೆ ತೋರಿಸುವುದು ತಪ್ಪು.

ನಿಮ್ಮ ದೂರು ‘ಫ್ರಮ್’ ಥರದ್ದಾದರೆ ಕೆಲಸ ಸುಲಭ, ಎಲ್ಲವೂ ನಿಮ್ಮ ಸೈಟಿನೊಳಗೇ ಇದೆ. ದುಡ್ಡು ತಗೊಂಡು ಹಾಕಿದ ಗೆಸ್ಟ್ ಪೋಸ್ಟುಗಳನ್ನು ತೆಗೆಯಿರಿ. ಫೂಟರ್ ನೋಡಿ. ಯಾವುದೋ ಸೈಟಿನಿಂದ ಪುಕ್ಕಟೆ ಇಳಿಸಿದ ‘ಪ್ರೀಮಿಯಂ’ ವರ್ಡ್‌ಪ್ರೆಸ್ ಥೀಮ್ ಇದ್ದರೆ ಅದರ ಕೋಡಿನಲ್ಲಿ ಕಾಣದ ಹಾಗೆ ಲಿಂಕ್ ಅಡಗಿಸಿರುವ ಸಾಧ್ಯತೆ ಇದೆ, ಥೀಮನ್ನೇ ಬದಲಿಸಿ. ಈ ಥರದ ದೂರಿಗೆ ಮುಂದೆ ಹೇಳುವ ಡಿಸ್‌ಅವೋ ಕೆಲಸಕ್ಕೆ ಬರುವುದಿಲ್ಲ.

ಡಿಸ್‌ಅವೋ ಫೈಲ್

ಕೇಳಿಯೂ ತೆಗೆಯದ ಲಿಂಕುಗಳಿಗೆ ಮಾತ್ರ ಇದು. ‘ಈ ಲಿಂಕುಗಳನ್ನು ನನ್ನ ಲೆಕ್ಕಕ್ಕೆ ಹಿಡಿಯಬೇಡಿ’ ಅಂತ ಗೂಗಲ್‌ಗೆ ಹೇಳುವ ಸಾಧನ. 2012ರ ಅಕ್ಟೋಬರಿನಲ್ಲಿ ಬಂದದ್ದು. ಸರ್ಚ್ ಕನ್ಸೋಲಿನ ಮೆನುವಿನಲ್ಲಿ ಕಾಣಿಸುವುದಿಲ್ಲ, ಬೇರೆ ಪುಟದಲ್ಲಿದೆ. ‘ಡಿಸ್‌ಅವೋ ಲಿಂಕ್ಸ್ ಟೂಲ್’ ಅಂತ ಹುಡುಕಿ, ಗೂಗಲ್‌ನದೇ ಸಹಾಯ ಪುಟದಿಂದ ಒಳಗೆ ಹೋಗಿ. ನಿಮ್ಮ ಸೈಟನ್ನು ಡೊಮೇನ್ ಪ್ರಾಪರ್ಟಿಯಾಗಿ (ಡಿಎನ್‌ಎಸ್ ರೆಕಾರ್ಡ್ ಮೂಲಕ) ಮಾತ್ರ ಸೇರಿಸಿದ್ದರೆ ಅದು ಪಟ್ಟಿಯಲ್ಲಿ ಬರುವುದಿಲ್ಲ. ಪೂರ್ತಿ ವಿಳಾಸ ಕೊಟ್ಟು ಯುಆರ್‌ಎಲ್ ಪ್ರಿಫಿಕ್ಸ್ ಪ್ರಾಪರ್ಟಿಯನ್ನೂ ಸೇರಿಸಿಕೊಳ್ಳಿ. ಇಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ.

ಫೈಲನ್ನು ನೋಟ್‌ಪ್ಯಾಡಿನಲ್ಲಿ ಮಾಡಿ, ಯುಟಿಎಫ್-8ರಲ್ಲಿ ಟೆಕ್ಸ್ಟ್ ಫೈಲಾಗಿ ಉಳಿಸಿ. ಒಂದು ಸಾಲಿಗೆ ಒಂದು. ಇಡೀ ಸೈಟನ್ನು ಬಿಡಿಸಬೇಕಾದರೆ ಸಾಲಿನ ಮೊದಲಿಗೆ ಇಂಗ್ಲಿಷಿನಲ್ಲಿ ‘ಡೊಮೇನ್’ ಅನ್ನುವ ಪದ, ಅದಕ್ಕೆ ಅಂಟಿಕೊಂಡು ಕೋಲನ್, ಅದರ ಮುಂದೆ ಜಾಗ ಬಿಡದೆ ಸೈಟಿನ ಹೆಸರು. ಒಂದೇ ಪುಟವಾದರೆ ಅದರ ಪೂರ್ತಿ ವಿಳಾಸ. ಸೈಟಿನ ಒಂದು ಫೋಲ್ಡರನ್ನು ಮಾತ್ರ ಬಿಡಿಸಲು ಆಗುವುದಿಲ್ಲ. ನಿಮ್ಮ ನೆನಪಿಗೆ ಟಿಪ್ಪಣಿ ಬೇಕಾದರೆ ಆ ಸಾಲನ್ನು ಹ್ಯಾಶ್ ಗುರುತಿನಿಂದ ಶುರುಮಾಡಿ. ಫೈಲ್ 2 ಎಂಬಿ ಮತ್ತು 1 ಲಕ್ಷ ಸಾಲು ದಾಟಬಾರದು. ಸಣ್ಣ ವ್ಯಾಪಾರದವರು ಆ ಗಡಿಯ ಹತ್ತಿರವೂ ಹೋಗುವುದಿಲ್ಲ.

ಅಪ್‌ಲೋಡ್ ಮಾಡುವ ಮೊದಲು ಪ್ರತಿ ಸಾಲನ್ನೂ ಓದಿ. ನಿಮ್ಮದೇ ಡೊಮೇನ್ ಒಳಗೆ ಸೇರಿಲ್ಲ ತಾನೇ? ಒಂದು ಸ್ಪ್ಯಾಮ್ ಬ್ಲಾಗ್ ಬ್ಲಾಗ್‌ಸ್ಪಾಟಿನಲ್ಲಿತ್ತು ಅಂತ ಬ್ಲಾಗ್‌ಸ್ಪಾಟ್ ಡೊಮೇನನ್ನೇ ಪೂರ್ತಿ ಬರೆದರೆ ಅಲ್ಲಿರುವ ಎಲ್ಲ ಬ್ಲಾಗುಗಳ ಲಿಂಕೂ ಹೋಗುತ್ತದೆ. ಅಕ್ಕಿರೊಟ್ಟಿಯ ಆ ಬ್ಲಾಗೂ ಅದರಲ್ಲೇ ಹೋಗುತ್ತಿತ್ತು. ಆ ಒಂದು ಬ್ಲಾಗಿನ ಪೂರ್ತಿ ಹೆಸರನ್ನೇ ಬರೆಯಿರಿ. ಇನ್ನೊಂದು ವಿಷಯ, ಹೊಸ ಫೈಲ್ ಹಾಕಿದರೆ ಹಳೆಯದು ಹೋಗಿ ಅದರ ಜಾಗಕ್ಕೆ ಇದು ಬರುತ್ತದೆ. ಆಮೇಲೆ ಹತ್ತು ಹೆಸರು ಸೇರಿಸಬೇಕಾದರೆ ಹಳೆಯ ಫೈಲಿಗೇ ಸೇರಿಸಿ ಪೂರ್ತಿ ಫೈಲನ್ನು ಹಾಕಬೇಕು. ಇದರ ಪರಿಣಾಮ ಮರುದಿನ ಕಾಣುವುದಿಲ್ಲ. ಗೂಗಲ್ ಆ ಪುಟಗಳಿಗೆ ಮತ್ತೆ ಹೋಗಿ ನೋಡಿದಾಗ ಜಾರಿಯಾಗುತ್ತದೆ, ವಾರಗಳೇ ಹಿಡಿಯಬಹುದು.

ಯಾವ ಲಿಂಕನ್ನೂ ತೆಗೆಸಲು ಪ್ರಯತ್ನಿಸದೆ ಇಡೀ ಪಟ್ಟಿಯನ್ನು ಡಿಸ್‌ಅವೋ ಮಾಡಿ ಅರ್ಜಿ ಹಾಕುವವರಿದ್ದಾರೆ. ಇದನ್ನು ಪ್ರಾಮಾಣಿಕ ಪ್ರಯತ್ನ ಅಂತ ಒಪ್ಪುವುದಿಲ್ಲ ಅಂತ ಗೂಗಲ್ ಸ್ಪಷ್ಟವಾಗಿ ಹೇಳಿದೆ.

ಅರ್ಜಿ

ಮ್ಯಾನ್ಯುವಲ್ ಆ್ಯಕ್ಷನ್ಸ್ ಪುಟದಲ್ಲೇ ‘ರಿಕ್ವೆಸ್ಟ್ ರಿವ್ಯೂ’ ಬಟನ್ ಇದೆ. ಓದುವವರು ಮನುಷ್ಯರು. ಅವರಿಗೆ ಮೂರು ವಿಷಯ ಬೇಕು: ಏನು ತಪ್ಪಾಗಿತ್ತು, ಏನು ಸರಿಮಾಡಿದಿರಿ, ಅದರಿಂದ ಏನಾಯಿತು. ‘ನಮಗೇನೂ ಗೊತ್ತಿಲ್ಲ, ಯಾರೋ ವೈರಿಗಳು ಮಾಡಿದ್ದು’ ಅಂತ ಬರೆಯಬೇಡಿ. ‘ಬಡವರು ಸರ್, ಲೋನ್ ಇದೆ’ ಅನ್ನುವುದು ನಿಜವೇ ಇರಬಹುದು, ಆದರೆ ಲಿಂಕ್ ತೆಗೆದಿದ್ದೀರಾ ಅನ್ನುವ ಪ್ರಶ್ನೆಗೆ ಅದು ಉತ್ತರವಲ್ಲ.

ಅಕ್ಕನ ಮಗನ ಕೈಯಲ್ಲಿ ನಾನು ಸರಳ ಇಂಗ್ಲಿಷಿನಲ್ಲಿ ಬರೆಸಿದ್ದು ಹೆಚ್ಚುಕಮ್ಮಿ ಹೀಗಿತ್ತು:

‘ನಮ್ಮದು ಮನೆಯವರೇ ನಡೆಸುವ ಸಣ್ಣ ಹೋಮ್‌ಸ್ಟೇ. ಪ್ರಚಾರಕ್ಕೆಂದು ಒಂದು ಏಜೆನ್ಸಿಗೆ ತಿಂಗಳ ಲೆಕ್ಕದಲ್ಲಿ ಹಣ ಕೊಟ್ಟಿದ್ದೆವು. ಅವರು ಡೈರೆಕ್ಟರಿ, ಆರ್ಟಿಕಲ್ ಸೈಟ್ ಮತ್ತು ಬ್ಲಾಗ್ ಕಾಮೆಂಟುಗಳಲ್ಲಿ ನಮ್ಮ ಸೈಟಿಗೆ ಲಿಂಕ್ ಹಾಕಿದರು. ಇದು ನಿಮ್ಮ ನಿಯಮಕ್ಕೆ ವಿರುದ್ಧ ಅಂತ ಈಗ ತಿಳಿದಿದೆ. ಏಜೆನ್ಸಿಯ ಕೆಲಸ ನಿಲ್ಲಿಸಿದ್ದೇವೆ. ಅವರ ತಿಂಗಳ ರಿಪೋರ್ಟುಗಳು ಮತ್ತು ಸರ್ಚ್ ಕನ್ಸೋಲಿನ ಪಟ್ಟಿ ಎರಡನ್ನೂ ಸೇರಿಸಿ ಪ್ರತಿ ಡೊಮೇನನ್ನೂ ನೋಡಿದ್ದೇವೆ. ಯಾವುದನ್ನು ಅಳಿಸಿದೆವು, ಯಾರಿಗೆ ಯಾವಾಗ ಮೇಲ್ ಕಳಿಸಿದೆವು, ಏನು ಉತ್ತರ ಬಂತು ಅನ್ನುವುದು ಈ ಶೀಟಿನಲ್ಲಿದೆ. ತೆಗೆಸಲಾಗದ್ದನ್ನು ಡಿಸ್‌ಅವೋ ಫೈಲಿನಲ್ಲಿ ಹಾಕಿದ್ದೇವೆ. ಇನ್ನು ಮುಂದೆ ಲಿಂಕ್ ಕೊಳ್ಳುವುದಿಲ್ಲ.’

ಅಷ್ಟೇ. ಶೀಟನ್ನು ಗೂಗಲ್ ಶೀಟ್ಸಿಗೆ ಹಾಕಿ, ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು ಅನ್ನುವ ಅನುಮತಿ ಕೊಡಿ. ಅನುಮತಿ ಕೊಡದಿದ್ದರೆ ನೋಡುವವರಿಗೆ ಬಾಗಿಲೇ ತೆರೆಯುವುದಿಲ್ಲ. ಏಜೆನ್ಸಿ ಕೊಟ್ಟ ಪಾಸ್‌ವರ್ಡುಗಳ ಕಾಲಂ ಅಳಿಸಿ, ಬೇರೆಯವರ ಫೋನ್ ನಂಬರ್ ಇದ್ದರೂ ತೆಗೆಯಿರಿ.

ಉತ್ತರಕ್ಕೆ ಕೆಲವು ದಿನದಿಂದ ಕೆಲವು ವಾರಗಳವರೆಗೆ ಆಗಬಹುದು. ಲಿಂಕಿನ ವಿಷಯದ ಅರ್ಜಿಗಳು ಬೇರೆಯವಕ್ಕಿಂತ ನಿಧಾನ. ಉತ್ತರ ಬರುವ ಮೊದಲೇ ಮತ್ತೆ ಮತ್ತೆ ಅರ್ಜಿ ಹಾಕಬೇಡಿ. ತಿರಸ್ಕರಿಸಿದರೆ ಎದೆಗುಂದಬೇಡಿ. ಉತ್ತರದಲ್ಲಿ ಕೆಲವೊಮ್ಮೆ ಒಂದೆರಡು ಕೆಟ್ಟ ಲಿಂಕುಗಳ ಉದಾಹರಣೆ ಕೊಟ್ಟಿರುತ್ತಾರೆ. ಆ ಎರಡನ್ನು ತೆಗೆಸಿ ಮತ್ತೆ ಅರ್ಜಿ ಹಾಕಿದರೆ ಸಾಲದು. ಅವು ಯಾವ ಜಾತಿಯ ಲಿಂಕು ಅಂತ ನೋಡಿ. ಅಕ್ಕನಿಗೆ ಮೊದಲ ಸಲ ತಿರಸ್ಕಾರವಾದಾಗ ಕೊಟ್ಟ ಉದಾಹರಣೆ ಗೆಸ್ಟ್ ಪೋಸ್ಟಿನದು. ಆ ಸೈಟು ನೋಡಲು ಚೆನ್ನಾಗಿತ್ತು, ಅದಕ್ಕೇ ಮಗ ಅದನ್ನೂ ಅದರಂಥ ಇನ್ನಷ್ಟು ಸೈಟುಗಳನ್ನೂ ‘ಇರಲಿ’ ಅಂತ ಬಿಟ್ಟಿದ್ದ. ಆ ಜಾತಿಯ ಎಲ್ಲವನ್ನೂ ತೆಗೆಸಿದ ಮೇಲೆ ಪೆನಾಲ್ಟಿ ಹೋಯಿತು.

ಪೆನಾಲ್ಟಿ ಹೋದ ಮೇಲೆ

ಹಳೆಯ ಜಾಗಕ್ಕೇ ವಾಪಸ್ ಬರುತ್ತೀರಿ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಸ್ಟೂಲಿನ ಮೇಲೆ ನಿಂತು ಅಳೆಸಿಕೊಂಡ ಎತ್ತರ ಅದು, ಈಗ ಸ್ಟೂಲ್ ತೆಗೆದಿದ್ದೀರಿ. ಅಕ್ಕನ ಸೈಟು ‘ಸಕಲೇಶಪುರ ಹೋಮ್‌ಸ್ಟೇ’ ಅಂತ ಹುಡುಕಿದರೆ ಮೊದಲಿನಷ್ಟು ಮೇಲೆ ಬರುವುದಿಲ್ಲ. ಆದರೆ ಮನೆಯ ಹೆಸರು ಹುಡುಕಿದರೆ ಬರುತ್ತದೆ. ಬಿಸಿಲೆ ಘಾಟಿ, ಮಂಜರಾಬಾದ್ ಕೋಟೆ ನೋಡಲು ಬರುವವರಿಗಾಗಿ ದಾರಿ, ಬಸ್ಸು, ಊಟದ ಬಗ್ಗೆ ಅಕ್ಕ ಹೇಳಿ ಮಗ ಬರೆದ ಪುಟಗಳು ಈಗ ನಿಧಾನವಾಗಿ ಜನರನ್ನು ತರುತ್ತಿವೆ. ಅದು ಯಾವ ಏಜೆನ್ಸಿಯೂ ಬರೆಯಲಾಗದ್ದು. ಕೋಟೆಯ ಹತ್ತಿರ ಎಲ್ಲಿ ಇಳಿಯಬೇಕು, ಮಳೆಗಾಲದಲ್ಲಿ ಮೆಟ್ಟಿಲು ಎಷ್ಟು ಜಾರುತ್ತದೆ ಅನ್ನುವುದು ಅಲ್ಲಿರುವವರಿಗೇ ಗೊತ್ತು.

ಇದೆಲ್ಲ ಬೇಡ, ಹೊಸ ಡೊಮೇನ್ ತಗೊಂಡು ಬಿಡೋಣ ಅಂತ ಕೆಲವರಿಗೆ ಅನಿಸುತ್ತದೆ. ಹಳೆಯ ಡೊಮೇನಿನಿಂದ ಹೊಸದಕ್ಕೆ ರೀಡೈರೆಕ್ಟ್ ಕೊಟ್ಟರೆ ಹಳೆಯ ಲಿಂಕುಗಳೂ ಹಿಂದೆಯೇ ಬರುತ್ತವೆ. ಕೊಡದಿದ್ದರೆ ಬೋರ್ಡು, ವಿಸಿಟಿಂಗ್ ಕಾರ್ಡು, ಹಳೇ ಗ್ರಾಹಕರ ನೆನಪಿನಲ್ಲಿರುವ ವಿಳಾಸ ಎಲ್ಲ ವ್ಯರ್ಥ. ಹೆಸರು ಗಳಿಸಿರುವ ವ್ಯಾಪಾರಕ್ಕೆ ನಾನು ಇದನ್ನು ಹೇಳುವುದಿಲ್ಲ.

ಮುಂದೆ ಇನ್ನೊಬ್ಬರಿಗೆ ಕೆಲಸ ಕೊಡುವುದಾದರೆ ತಿಂಗಳಿಗೆ ಎಷ್ಟು ಬ್ಯಾಕ್‌ಲಿಂಕ್ ಅಂತ ಅಂಕಿ ಹೇಳುವವರನ್ನು ಅಲ್ಲೇ ಬಿಡಿ. ಸರ್ಚ್ ಕನ್ಸೋಲಿನ ಮಾಲೀಕತ್ವ ನಿಮ್ಮ ಜಿಮೇಲಿನಲ್ಲೇ ಇರಲಿ, ಅವರನ್ನು ಯೂಸರ್ ಆಗಿ ಮಾತ್ರ ಸೇರಿಸಿ. ಹಳೆಯ ಏಜೆನ್ಸಿಯನ್ನು ಪಟ್ಟಿಯಿಂದ ತೆಗೆಯುವಾಗ ಅವರು ಸೈಟಿನಲ್ಲೋ ಡಿಎನ್‌ಎಸ್‌ನಲ್ಲೋ ಹಾಕಿದ್ದ ವೆರಿಫಿಕೇಶನ್ ಕೋಡನ್ನೂ ಅಳಿಸಿ, ಇಲ್ಲದಿದ್ದರೆ ಅವರು ಮತ್ತೆ ಒಳಗೆ ಬರಬಹುದು. ಡಿಸ್‌ಅವೋ ಫೈಲನ್ನು ಮಾತ್ರ ತೆಗೆಯಬೇಡಿ. ಪೆನಾಲ್ಟಿ ಹೋಗಿದೆ, ಇನ್ನೇಕೆ ಅಂತ ಅಳಿಸಿದರೆ ಇನ್ನೂ ಅಲ್ಲೇ ಇರುವ ಆ ಲಿಂಕುಗಳು ಮತ್ತೆ ನಿಮ್ಮ ಲೆಕ್ಕಕ್ಕೆ ಬರುತ್ತವೆ. ಅದರ ಒಂದು ಪ್ರತಿಯನ್ನು ಬಿಲ್ಲು, ರಿಪೋರ್ಟುಗಳ ಜೊತೆ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ.